ರೈಫಲ್ ತೋಟಾದ ಕೇಪು: ಪರವಾನಗಿದಾರರು ಮತ್ತು ಅರ್ಜಿದಾರರಿಗೆ ಮಾಹಿತಿ

ಕಲಬುರಗಿ ನೆಹರು ಗಂಜ್‌ನ ವರ್ತಕರು, ತೊಗರಿ ಬೆಳೆಯುವ ರೈತರು ಹಾಗೂ ಗುರಿ ಅಭ್ಯಾಸದ ಕ್ರೀಡಾಪಟುಗಳ ಪೈಕಿ ಬಂದೂಕು ಪರವಾನಗಿ ಹೊಂದಿರುವ ಅಥವಾ ಹೊಸದಾಗಿ ಕೋರುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಂದೂಕು ಹೊಂದುವ ಪರವಾನಗಿಯು ತೋಟಾ ತಯಾರಿಸುವ ಪರವಾನಗಿಯಲ್ಲ ಎಂಬುದನ್ನು ಮೊದಲು ಗಮನಿಸತಕ್ಕದ್ದು.

1. ಕೇಪು ಎಂದರೇನು?

ತೋಟಾದ ಹಿಂಬದಿಯ ನಡುವೆ ಕೂರಿಸಿರುವ ಚಿಕ್ಕ ಲೋಹದ ಬಟ್ಟಲೇ ಕೇಪು ಅಥವಾ ಪ್ರೈಮರ್. ಬಂದೂಕಿನ ಪಿನ್ನಿನ ಪೆಟ್ಟಿಗೆ ಅದರೊಳಗಿನ ಮದ್ದು ಸಿಡಿದು ತೋಟಾದ ಸಿಡಿಮದ್ದಿಗೆ ಕಿಡಿ ತಾಗುತ್ತದೆ. .22 ಬೋರ್ ತೋಟಾದಲ್ಲಿ ಈ ಮದ್ದು ಕೋಶದ ಅಂಚಿನಲ್ಲಿಯೇ ಇರುವುದರಿಂದ ಪ್ರತ್ಯೇಕ ಕೇಪು ಇರುವುದಿಲ್ಲ. ಅದರ ಖಾಲಿ ಕೋಶವನ್ನು ಮರುಭರ್ತಿ ಮಾಡಲು ಯತ್ನಿಸಬಾರದು.

2. ಕಾನೂನು ಏನು ಹೇಳುತ್ತದೆ?

ಶಸ್ತ್ರಾಸ್ತ್ರ ಅಧಿನಿಯಮ, 1959ರ ಕಲಂ 2ರ ಪ್ರಕಾರ ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರೋಪಕರಣಗಳೂ 'ಮದ್ದುಗುಂಡು' ಎನಿಸುತ್ತವೆ. ಆದ್ದರಿಂದ ಬಿಡಿ ಕೇಪು ಕೇವಲ ಸಲಕರಣೆಯಲ್ಲ. ಮದ್ದುಗುಂಡು ತಯಾರಿಕೆಗೆ ಕಲಂ 5ರಡಿ ಪ್ರತ್ಯೇಕ ಪರವಾನಗಿ ಅವಶ್ಯ. 2019ರ ತಿದ್ದುಪಡಿಯ ಅನ್ವಯ ಈ ಕಲಮಿನ ಉಲ್ಲಂಘನೆಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾವಾಸ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ. ಇತರ ಪರವಾನಗಿದಾರರು ಸಿದ್ಧ ತೋಟಾಗಳನ್ನು ಅಧಿಕೃತ ಮಾರಾಟಗಾರರಿಂದ, ಪರವಾನಗಿಯಲ್ಲಿ ನಮೂದಿಸಿದ ಸಂಖ್ಯೆಯ ಮಿತಿಯಲ್ಲಿ ಖರೀದಿಸತಕ್ಕದ್ದು.

3. ತಯಾರಿಕೆಯ ಪರವಾನಗಿ ಉಳ್ಳವರು ಕೇಪು ಆರಿಸುವಾಗ ಗಮನಿಸಬೇಕಾದ ಅಂಶಗಳು

ಅ) ಅಳತೆ: ರೈಫಲ್‌ನ ದೊಡ್ಡ ಕೇಪಿನ ವ್ಯಾಸ 0.210 ಅಂಗುಲ, ಚಿಕ್ಕದರದು 0.175 ಅಂಗುಲ.

ಆ) ಪಿಸ್ತೂಲಿನ ಕೇಪು: ಪಿಸ್ತೂಲಿನ ದೊಡ್ಡ ಕೇಪಿನ ವ್ಯಾಸವೂ 0.210 ಅಂಗುಲವೇ ಆಗಿದ್ದು, ನೋಟಕ್ಕೆ ವ್ಯತ್ಯಾಸ ತಿಳಿಯದು. ಆದರೆ ಅದರ ಎತ್ತರ ಕಡಿಮೆ, ಲೋಹವೂ ಮೆದು. ರೈಫಲ್‌ನ ಹೆಚ್ಚಿನ ಒತ್ತಡಕ್ಕೆ ಅದು ತೂತು ಬಿದ್ದು, ಬಿಸಿ ಅನಿಲವು ಬಳಕೆದಾರನ ಮುಖದತ್ತ ಚಿಮ್ಮಬಹುದು.

ಇ) ಕೋಶದ ಬಗೆ: ಬಾಕ್ಸರ್ ಕೋಶದ ತಳದಲ್ಲಿ ಒಂದೇ ರಂಧ್ರವಿರುತ್ತದೆ; ಬರ್ಡನ್ ಕೋಶದಲ್ಲಿ ಸಾಮಾನ್ಯವಾಗಿ ಎರಡು. ಒಂದರ ಕೇಪು ಇನ್ನೊಂದಕ್ಕೆ ಸಲ್ಲದು.

ಈ) ಮ್ಯಾಗ್ನಮ್ ಕೇಪು: ಇದರ ಜ್ವಾಲೆ ಹೆಚ್ಚು ತೀವ್ರ. ಸಾಮಾನ್ಯ ಕೇಪಿನ ಬದಲು ಇದನ್ನು ಬಳಸಿದರೆ ಒತ್ತಡ ಏರಬಹುದು. ಕೇಪಿನ ಬಗೆ ಅಥವಾ ತಯಾರಕರು ಬದಲಾದಾಗಲೆಲ್ಲ, ಮದ್ದಿನ ತಯಾರಕರ ಕೋಷ್ಟಕದ ಕನಿಷ್ಠ ಪ್ರಮಾಣದಿಂದ ಹೊಸದಾಗಿ ಆರಂಭಿಸತಕ್ಕದ್ದು.

ಉ) ಕೂರಿಸುವಿಕೆ: ಕೇಪು ಕೋಶದ ತಳಮಟ್ಟಕ್ಕಿಂತ ಮೇಲೆ ಉಬ್ಬಿರಬಾರದು. ಉಬ್ಬಿದ್ದಲ್ಲಿ, ಕುದುರೆ ಎಳೆಯುವ ಮೊದಲೇ ತೋಟಾ ಹಾರುವ ಅಪಾಯವಿದೆ.

4. ಸುರಕ್ಷತೆ

ಕೇಪುಗಳನ್ನು ತಯಾರಕರ ಮೂಲ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಬಾಟಲಿಯಲ್ಲಿ ಒಟ್ಟಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಸಿಡಿಯಬಹುದು. ಪೆಟ್ಟು ಬಿದ್ದರೂ ತೋಟಾ ಹಾರದಿದ್ದಲ್ಲಿ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯ್ದ ನಂತರವೇ ತೆರೆಯತಕ್ಕದ್ದು. ಕೆಲವು ಹಳೆಯ ಕೇಪುಗಳಲ್ಲಿನ ಪೊಟ್ಯಾಸಿಯಮ್ ಕ್ಲೋರೇಟ್ ನಳಿಗೆಯೊಳಗೆ ಉಪ್ಪಿನಂಶ ಬಿಟ್ಟು ತುಕ್ಕು ಹಿಡಿಸುತ್ತದೆ. ಅಂಥವುಗಳನ್ನು ಬಳಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚುವುದು.

5. ಬಂದೂಕು ಪರವಾನಗಿಗೆ ಅರ್ಜಿ ಯಾರಿಗೆ?

ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿ ವಾಸಿಸುವವರು, ಅಂದರೆ ನೆಹರು ಗಂಜ್ ಸೇರಿದಂತೆ ಕಲಬುರಗಿ ನಗರದ ನಿವಾಸಿಗಳು, ಪೊಲೀಸ್ ಆಯುಕ್ತರಿಗೂ, ಕಮಲಾಪುರ ಮುಂತಾದ ಗ್ರಾಮಾಂತರ ಪ್ರದೇಶದವರು ಜಿಲ್ಲಾ ದಂಡಾಧಿಕಾರಿಗಳಿಗೂ ಶಸ್ತ್ರಾಸ್ತ್ರ ನಿಯಮಗಳು, 2016ರ ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಪರವಾನಗಿಯ ಅವಧಿ 5 ವರ್ಷಗಳು.

ವಿಶೇಷ ಸೂಚನೆ: ಬೆಳೆ ರಕ್ಷಣೆಯ ಪರವಾನಗಿಯು ಬೇಟೆಗೆ ಅನುಮತಿಯಲ್ಲ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಆದೇಶವಿಲ್ಲದೆ ಹೊಲಕ್ಕೆ ನುಗ್ಗುವ ಕೃಷ್ಣಮೃಗ, ಕಾಡುಹಂದಿಗಳಿಗೆ ಗುಂಡು ಹಾರಿಸುವಂತಿಲ್ಲ.