ಗದ್ದೆಯ ಪದ, ತೋಟದ ರೇಡಿಯೊ

ಕಳಸ, ಮೂಡಿಗೆರೆ ಕಡೆಯ ಹಳೆಯ ಹಿಡುವಳಿಗಳಲ್ಲಿ ತಗ್ಗಿಗೆ ಭತ್ತದ ಗದ್ದೆ, ಅದರ ಮೇಲಿನ ಇಳಿಜಾರಿಗೆ ಕಾಫಿ ತೋಟ. ನಡುವೆ ಒಂದು ಬೇಲಿಯಷ್ಟೇ ದೂರವಿದ್ದರೂ ಎರಡು ಕಡೆಯ ದುಡಿಮೆಯ ಸದ್ದು ಒಂದೇ ಅಲ್ಲ. ಈ ವ್ಯತ್ಯಾಸವನ್ನು ಕಿವಿಗೊಟ್ಟು ಕೇಳಿದರೆ ಇವತ್ತು ಮನೆಮನೆಯಲ್ಲಿ ಎದ್ದಿರುವ ತಕರಾರೊಂದನ್ನು ಬಿಡಿಸಿಕೊಳ್ಳಬಹುದು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರುವ ಮಗು ಮೊಬೈಲಿನಲ್ಲಿ ಮಳೆಯ ಸದ್ದನ್ನೋ ಗೊತ್ತಿರುವ ಹಾಡನ್ನೋ ಹಾಕಿಕೊಂಡು ಓದಲು ಕೂತರೆ, ಮೊದಲು ಅದನ್ನು ನಿಲ್ಲಿಸು ಎಂದು ದೊಡ್ಡವರು ಗದರುತ್ತಾರೆ. ಮನಸ್ಸು ನಿಲ್ಲಬೇಕಾದರೆ ಸುತ್ತ ನಿಶ್ಶಬ್ದವಿರಬೇಕು ಎಂಬ ನಂಬಿಕೆ ನಮಗೆ ಶಾಲೆಯ ಬೆಂಚಿನಿಂದ ಬಂದದ್ದು. ಕೈಯಿಂದ ದುಡಿದವರ ಚರಿತ್ರೆಯಲ್ಲಿ ಅದಕ್ಕೆ ಆಧಾರ ಕಡಿಮೆ.

ಗದ್ದೆಯಿಂದಲೇ ನೋಡೋಣ. ಗೊರಬು ಹೊದ್ದು ಸಾಲಾಗಿ ಬಾಗಿ ನಾಟಿ ಮಾಡುವ ಹೆಂಗಸರಲ್ಲಿ ಒಬ್ಬಳು ಪದ ಎತ್ತಿಕೊಡುತ್ತಿದ್ದಳು, ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಘಟ್ಟದ ಕೆಳಗಿನ ತುಳುನಾಡಿನ ಗದ್ದೆಗಳಲ್ಲೂ ಪಾಡ್ದನ, ಓಬೇಲೆ ಹಾಡುಗಳು ಹೀಗೆಯೇ ನಡೆದವು. ಬಯಲುಸೀಮೆಯ ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದಾಗ ನಾವು ಅವುಗಳ ಕಾವ್ಯವನ್ನು ಮೆಚ್ಚಿದೆವು. ಅವು ಮಾಡುತ್ತಿದ್ದ ಕೆಲಸದ ಕಡೆಗೆ ಅಷ್ಟಾಗಿ ನೋಡಲಿಲ್ಲ. ಜರ್ಮನಿಯ ಕಾರ್ಲ್ ಬ್ಯೂಖರ್ 1896ರಲ್ಲೇ ಈ ವಿಷಯಕ್ಕೊಂದು ಪುಸ್ತಕ ಮೀಸಲಿಟ್ಟು, ದುಡಿಮೆಯ ಲಯಕ್ಕೂ ಹಾಡಿನ ಲಯಕ್ಕೂ ಇರುವ ನಂಟನ್ನು ಚರ್ಚಿಸಿದ್ದ. ನಾಟಿಯ ಪದಕ್ಕೆ ಆ ಮಾತು ಸರಿಯಾಗಿ ಒಪ್ಪುತ್ತದೆ. ಎಲ್ಲರ ಕೈಯೂ ಒಟ್ಟಿಗೆ ಇಳಿಯಬೇಕಾದಲ್ಲಿ ಹಾಡೇ ತಾಳ.

ತೋಟದಲ್ಲಿ ಆ ತಾಳ ನಡೆಯುವುದಿಲ್ಲ. ಬಾಬಾಬುಡನ್ ಬೀಜ ತಂದ ಕಥೆ 17ನೇ ಶತಮಾನದ್ದಾದರೂ ದೊಡ್ಡ ಎಸ್ಟೇಟುಗಳು ಹಬ್ಬಿದ್ದು 19ನೇ ಶತಮಾನದಲ್ಲಿ. ಘಟ್ಟ ಹತ್ತಿ ಬಂದ ತುಳುವರು, ಆಳು ಕರೆತರುವ ಕಂಗಾಣಿಯ ಹಿಂದೆ ಬಂದ ತಮಿಳರು, ಊರಿನ ಕನ್ನಡದವರು ಒಂದೇ ಮೇಸ್ತ್ರಿಯ ಕೈಕೆಳಗೆ ಸೇರಿದರು. ಒಬ್ಬರ ಪದ ಇನ್ನೊಬ್ಬರ ನಾಲಿಗೆಗೆ ಬಾರದು. ಅದಕ್ಕಿಂತ ಮುಖ್ಯವಾಗಿ, ಕುಯ್ಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಿಡ. ಒಂದು ಗಿಡದಲ್ಲಿ ಹಣ್ಣು ಜೋತುಬಿದ್ದಿದ್ದರೆ ಪಕ್ಕದ್ದರಲ್ಲಿ ಎಲೆ ಸರಿಸಿ ಹುಡುಕಬೇಕು. ಸಂಜೆ ತೂಕವೂ ಅವರವರದೇ. ನವೆಂಬರಿನಿಂದ ಫೆಬ್ರವರಿವರೆಗೆ ದಿನವಿಡೀ ಮಾಡಿದ್ದನ್ನೇ ಮಾಡುವ ಈ ಕೆಲಸ ಬೇಸರದ್ದು ನಿಜ, ಆದರೆ ಕಣ್ಣು ತಪ್ಪುವಂತಿಲ್ಲ. ಅರೇಬಿಕಾದಲ್ಲಿ ಕೆಂಪು ಹಣ್ಣನ್ನಷ್ಟೇ ಬಿಡಿಸಿ ಹಸಿರು ಕಾಯಿಯನ್ನು ಮುಂದಿನ ಸುತ್ತಿಗೆ ಬಿಡಬೇಕು. ಇಂಥ ಕಡೆ ಬೇಕಾಗುವ ಸದ್ದು ಕೈಯನ್ನು ನಡೆಸುವಂಥದ್ದಲ್ಲ, ಕೈ ದುಡಿಯುತ್ತಿರುವಾಗ ಮನಸ್ಸನ್ನು ಅಲ್ಲೇ ಇರಿಸುವಂಥದ್ದು. ಗಿಡದಿಂದ ಗಿಡಕ್ಕೆ ಸಾಗುವ ಮಾತು ಅದನ್ನು ಮಾಡಿತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಗಿ ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ ಚಿತ್ರಗೀತೆಯೂ ಸೇರಿತು. ಹಾಡು ತಾಳದ ಸ್ಥಾನ ಬಿಟ್ಟು ಹಿನ್ನೆಲೆಗೆ ಸರಿದದ್ದು ಹೀಗೆ.

ಇದನ್ನು ಲೆಕ್ಕ ಹಾಕಿ ಮಾಡಿದವರು ಬ್ರಿಟಿಷರು. ಯುದ್ಧಕಾಲದ ಕಾರ್ಖಾನೆಗಳಿಗಾಗಿ ಬಿಬಿಸಿ 1940ರ ಜೂನ್‌ನಲ್ಲಿ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಕಾರ್ಯಕ್ರಮ ಆರಂಭಿಸಿತು. ಅದರಿಂದ ಒಂದು ಜನಪ್ರಿಯ ಹಾಡನ್ನು ತೆಗೆದುಹಾಕಿದ ಕಾರಣ ಸ್ವಾರಸ್ಯಕರ: ನಡುವೆ ಚಪ್ಪಾಳೆ ತಟ್ಟುವ ಜಾಗವಿದ್ದುದರಿಂದ ಕೆಲಸಗಾರರು ಕೈಯಲ್ಲಿದ್ದುದನ್ನು ಬಿಟ್ಟು ಚಪ್ಪಾಳೆಗೆ ಸೇರಿಕೊಳ್ಳುವ ಭಯ. ಹಿನ್ನೆಲೆಯ ಸದ್ದು ತಾನೇ ಮುಂದೆ ಬಂದು ನಿಂತರೆ ಕೆಲಸ ಕೆಡುತ್ತದೆ.

ಎಡಿಎಚ್‌ಡಿಯ ಸಂಶೋಧನೆ ಇದಕ್ಕೆ ಇನ್ನೊಂದು ತುದಿಯಿಂದ ಬಂದು ಸೇರುತ್ತದೆ. 2007ರಲ್ಲಿ ಸ್ವೀಡನ್ನಿನ ಸೋಡರ್‌ಲುಂಡ್ ಮತ್ತು ಸಂಗಡಿಗರು ಮಕ್ಕಳಿಗೆ ಒಂದೇ ಸಮನೆ ಸುರಿಯುವಂಥ 'ಬಿಳಿ ಸದ್ದು' ಕೇಳಿಸಿ ನೆನಪನ್ನು ಪರೀಕ್ಷಿಸಿದರು. ಎಡಿಎಚ್‌ಡಿ ಇದ್ದವರು ಸುಧಾರಿಸಿದರು, ಇಲ್ಲದವರು ಹಿಂದೆ ಬಿದ್ದರು. ಒಳಗಿನ ಎಚ್ಚರ ಮಂದವಾಗಿರುವ ಮಿದುಳಿಗೆ ಹೊರಗಿನ ಸದ್ದು ಅಷ್ಟು ಒತ್ತಾಸೆ ಕೊಡುತ್ತದೆ ಎಂಬುದು ಅವರ ವಿವರಣೆ. 2024ರಲ್ಲಿ ಅಮೆರಿಕದ ಜೋಯೆಲ್ ನಿಗ್ ಮತ್ತು ಸಂಗಡಿಗರು 13 ಅಧ್ಯಯನಗಳ 335 ಜನರ ಫಲಿತಾಂಶ ಒಟ್ಟುಗೂಡಿಸಿದಾಗಲೂ ಚಿತ್ರ ಬದಲಾಗಲಿಲ್ಲ: ಲಾಭ ಚಿಕ್ಕದು, ಆದರೆ ಇದೆ, ಎಡಿಎಚ್‌ಡಿ ಇಲ್ಲದವರಿಗೆ ಅದೇ ಸದ್ದು ತುಸು ತೊಡಕು. ಗದರುವ ದೊಡ್ಡವರು ತಮ್ಮ ಕಿವಿಯ ಅನುಭವವನ್ನೇ ಮಗುವಿನ ಮೇಲೆ ಹೊರಿಸುತ್ತಿರಬಹುದು.

ಆಕ್ಷೇಪಗಳಿವೆ. ಹಾಡಿದ್ದು ದಣಿವು ಮರೆಯಲು, ಜೊತೆಗಾಗಿ. ಅದಕ್ಕೂ ಏಕಾಗ್ರತೆಗೂ ಏನು ಸಂಬಂಧ ಎನ್ನಬಹುದು. ದಣಿದ, ಬೇಸತ್ತ ಮನಸ್ಸು ಮೊದಲು ಕಳೆದುಕೊಳ್ಳುವುದೇ ಗಮನವನ್ನು, ಹಾಗಾಗಿ ಇವನ್ನು ಬೇರೆ ಬೇರೆ ಕಂತೆ ಕಟ್ಟಲಾಗದು. ಅಂದಿನ ಆಳುಗಳಲ್ಲಿ ಯಾರಿಗೆ ಎಡಿಎಚ್‌ಡಿ ಇತ್ತೆಂದು ಹೇಳಹೊರಡುವುದು ಮಾತ್ರ ತಪ್ಪು, ನನ್ನ ವಾದಕ್ಕೆ ಅದರ ಅಗತ್ಯವೂ ಇಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪ 1798ರದು. ಗಮನ ನಿಲ್ಲದವರ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬನಾದ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್, ನಾಯಿ ಬೊಗಳಿದರೂ ಅವರ ಮನಸ್ಸು ಕದಡುತ್ತದೆ ಎಂದಿದ್ದಾನೆ. ಆದರೆ ಬೊಗಳುವುದು ಥಟ್ಟನೆ ಎದ್ದು ಎಳೆಯುವ ಸದ್ದು. ಹಂಚಿನ ಮೇಲೆ ಹಗಲಿರುಳು ಬೀಳುವ ಜಡಿಮಳೆ ಅಂಥದ್ದಲ್ಲ. ಬೊಗಳುವುದನ್ನೂ ಅದು ಮುಚ್ಚಿಹಾಕುತ್ತದೆ. ಆಷಾಢದಲ್ಲಿ ಕಳಸದ ಮನೆಗಳಿಗೆ ಪುಕ್ಕಟೆ ಸಿಗುವ ಈ ಸದ್ದನ್ನೇ ನಗರದವರು ಮೊಬೈಲಿನಲ್ಲಿ ಹುಡುಕುತ್ತಿದ್ದಾರೆ.

ಎಲ್ಲ ಕೆಲಸಕ್ಕೂ ಸದ್ದು ಹೊಂದುವುದಿಲ್ಲ ಎಂಬುದೂ ತೋಟದಲ್ಲೇ ಕಾಣುತ್ತದೆ. ಮರಗಸಿ ಮಾಡುವವನು, ಅಂದರೆ ನೆರಳುಮರದ ಕೊಂಬೆ ಕಡಿಯುವವನು, ಕೊಂಬೆ ಲಟಕ್ಕೆನ್ನುವುದನ್ನು ಕೇಳಬೇಕು, ಕೆಳಗಿದ್ದವರು ಅವನ ಕೂಗನ್ನು ಕೇಳಬೇಕು. ಈಗ ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಿಗೆ ಕಾಡಾನೆ ಬರುತ್ತಿರುವಾಗ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಣ್ಣು ಕುಯ್ಯುವುದು ಜೀವಕ್ಕೇ ಅಪಾಯ. ಟೊಂಗೆಗೆ ನೇತುಹಾಕಿದ ರೇಡಿಯೊ ಆಗಲಿ, ಪಕ್ಕದ ಗಿಡದವಳ ಮಾತಾಗಲಿ ಕಿವಿಯನ್ನು ಹೀಗೆ ಮುಚ್ಚಿರಲಿಲ್ಲ. ಹಾಡು ಕೇಳುತ್ತಲೇ ಆನೆ ಬಿದಿರು ಮುರಿಯುವ ಸದ್ದೂ ಕೇಳುತ್ತಿತ್ತು.