ಪಂಚರ್ ಸೊಲ್ಯೂಷನ್ನಿನ ಪೂರ್ವಕಥೆ

ಸೈಕಲ್ಲು ಪಂಚರ್ ಆದಾಗಲೇ ನಮಗೆ ಸೊಲ್ಯೂಷನ್ನಿನ ನೆನಪಾಗುವುದು. ಪೆಟ್ಟಿಗೆಯ ಮೂಲೆಯಿಂದ ಆ ಪುಟ್ಟ ತಗಡಿನ ಕೊಳವೆಯನ್ನು ತೆಗೆದು ಹಿಸುಕಿದರೆ, ಎಷ್ಟೋ ಸಲ ಅಂಟು ಬರುವುದೇ ಇಲ್ಲ. ಒಳಗೆ ಒಣಗಿದ ರಬ್ಬರಿನ ಉಂಡೆಯೊಂದು ಕುಳಿತಿರುತ್ತದೆ. ಹಿಂದೆ ಒಂದೆರಡು ಸಲವಷ್ಟೇ ಬಳಸಿದ್ದು, ಮುಚ್ಚಳವೂ ಭದ್ರವಾಗಿಯೇ ಇದೆ. ಹಾಗಾದರೆ ಈ ಅಂಟಿನ ಆಯುಸ್ಸು ಇಷ್ಟು ಕಡಮೆಯೇಕೆ? ಇದಕ್ಕೆ ಉತ್ತರವನ್ನು ಸೈಕಲ್ಲಿನ ಚರಿತ್ರೆಗಿಂತ ಮೊದಲು ಮಳೆಕೋಟಿನ ಚರಿತ್ರೆಯಲ್ಲಿ ಹುಡುಕಬೇಕು.

ರಬ್ಬರು ನೀರಿನಲ್ಲಿ ಕರಗುವ ವಸ್ತುವಲ್ಲ. ಕಲ್ಲಿದ್ದಲಿನಿಂದ ದೀಪದ ಗ್ಯಾಸನ್ನು ತಯಾರಿಸುವಾಗ ಉಳಿಯುತ್ತಿದ್ದ ಟಾರಿನಿಂದ, ನ್ಯಾಫ್ತಾ ಎಂಬ ಬಲು ಬೇಗ ಆವಿಯಾಗುವ ಎಣ್ಣೆಯನ್ನು ಭಟ್ಟಿಯಿಳಿಸುತ್ತಿದ್ದರು. ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂತಾಷ್ ಅದರಲ್ಲಿ ರಬ್ಬರನ್ನು ಕರಗಿಸಿದನು. ಆ ಪಾಕವನ್ನು ಎರಡು ಬಟ್ಟೆಗಳ ನಡುವೆ ಸವರಿ ಒತ್ತಿ, ನೀರು ಇಳಿಯದ ಬಟ್ಟೆಯನ್ನು ಮಾಡಿ, 1823ರಲ್ಲಿ ಪೇಟೆಂಟು ಪಡೆದನು. ಮಳೆಕೋಟಿಗೆ ಇಂಗ್ಲಿಷಿನಲ್ಲಿ ಅವನ ಹೆಸರೇ ನಿಂತುಬಿಟ್ಟಿತು. ಆದರೆ ಆ ಕೋಟು ಸೆಕೆಗೆ ಮೆತ್ತಗಾಗಿ ಮೈಗಂಟುತ್ತಿತ್ತು, ಚಳಿಗೆ ಸೆಟೆದುಕೊಳ್ಳುತ್ತಿತ್ತು. ಈ ದೋಷವನ್ನು ಕಳೆಯುವ ಬಗೆಯನ್ನು 1839ರಲ್ಲಿ ಕಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಹದಗೊಂಡು, ಬಿಸಿಲಿಗೂ ಚಳಿಗೂ ಜಗ್ಗದೆ ನಿಲ್ಲುತ್ತದೆ. ಪಾಪ, ಅವನು 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡನು.

ನಮ್ಮ ಸೈಕಲ್ಲಿನ ಟೈರು, ಟ್ಯೂಬುಗಳೆಲ್ಲ ಹೀಗೆ ಹದಗೊಂಡ ರಬ್ಬರೇ. ಅಂಟಿಗೆ ಬೇಕಾದದ್ದು ಮಾತ್ರ ಮ್ಯಾಕಿಂತಾಷನ ಕೋಟಿನಲ್ಲಿದ್ದ ಹದಗೊಳ್ಳದ ರಬ್ಬರು. ಕೋಟು ತೊಟ್ಟವರು ಬೈದುಕೊಳ್ಳುತ್ತಿದ್ದ ಜಿಗುಟೇ ಇಲ್ಲಿ ಕೆಲಸಕ್ಕೆ ಬಂದಿತು. ಈಚಿನ ಕೆಲವು ಸೊಲ್ಯೂಷನ್ನುಗಳಲ್ಲಿ, ಕಾಯಿಸದೆಯೇ ತೇಪೆಯನ್ನು ಹದಗೊಳಿಸುವ ರಾಸಾಯನಿಕಗಳೂ ಸೇರಿರುತ್ತವೆ.

ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಸವಾರಿ ಸುಖವಾಯಿತು, ಪಂಚರ್ ಎಂಬ ಕಷ್ಟವೂ ಅದರೊಡನೆಯೇ ಹುಟ್ಟಿತು. ಆಗಿನ ಟೈರನ್ನು ರಿಮ್ಮಿಗೇ ಅಂಟಿಸಿಬಿಡುತ್ತಿದ್ದರು. 1889ರಲ್ಲಿ ಇಂಗ್ಲಿಷ್ ಸವಾರನೊಬ್ಬನು ಫ್ರಾನ್ಸಿನ ಕ್ಲೆರ್ಮಾಂ-ಫೆರಾಂದಿನಲ್ಲಿದ್ದ ಮಿಶೆಲಿನ್ ಸೋದರರ ಕಾರ್ಖಾನೆಗೆ ಇಂಥ ಸೈಕಲ್ಲೊಂದನ್ನು ತಂದನಂತೆ. ಟೈರನ್ನು ಬಿಚ್ಚಿ ತೇಪೆ ಹಾಕುವುದಕ್ಕೆ ಮೂರು ಗಂಟೆ ಹಿಡಿಯಿತು. ಅಂಟು ಆರುವುದಕ್ಕೆ ಒಂದು ರಾತ್ರಿ ಬಿಡಬೇಕಾಯಿತು. ಇಷ್ಟಾಗಿಯೂ ಮರುದಿನ ಸೈಕಲ್ಲು ಕೆಲವು ನೂರು ಮೀಟರು ಓಡುವಷ್ಟರಲ್ಲಿ ಟೈರು ಮತ್ತೆ ಕೆಟ್ಟಿತೆಂದು ಹೇಳುತ್ತಾರೆ. ಆ ಸೋದರರು ಬಿಚ್ಚಿ ಹಾಕಬಹುದಾದ ಟೈರನ್ನು ಮಾಡಿದರು. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯವನ್ನು ಶಾರ್ಲ್ ತೆರೋಂ ಗೆದ್ದದ್ದು ಆ ಟೈರಿನ ಮೇಲೆಯೇ. ಅಂದಿನಿಂದ ದಾರಿಯ ಬದಿಯಲ್ಲಿ ಕುಳಿತು ತೇಪೆ ಹಾಕುವ ಕೆಲಸ ಸಾಮಾನ್ಯರ ಕೈಗೂ ಎಟುಕಿತು.

ದಾರಿಯಲ್ಲಿ ತೇಪೆ ಹಾಕಬೇಕಾದರೆ ಅಂಟು ಜೇಬಿನಲ್ಲಿರಬೇಕಷ್ಟೆ. ಅದನ್ನು ಆರದಂತೆ ಇಡುವ ಉಪಾಯ ಬಂದದ್ದು, ವಿಚಿತ್ರವೆಂದರೆ, ಚಿತ್ರಕಾರನೊಬ್ಬನಿಂದ. ಆ ಕಾಲದ ಚಿತ್ರಕಾರರು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿದ ಚೀಲದಲ್ಲಿ ಬಣ್ಣ ಬೇಗ ಕೆಡುತ್ತಿತ್ತು. ಲಂಡನ್ನಿನಲ್ಲಿದ್ದ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ, ಹಿಸುಕಿದಂತೆಲ್ಲ ಕುಗ್ಗುವ ತವರದ ಕೊಳವೆಗೆ ಪೇಟೆಂಟು ಪಡೆದನು. ಬಣ್ಣ ಹೊರಬಂದಷ್ಟೂ ಕೊಳವೆ ಚಪ್ಪಟೆಯಾಗುವುದರಿಂದ, ಒಳಗೆ ಗಾಳಿಗೆ ಎಡೆಯಿರುವುದಿಲ್ಲ. ಮುಂದೆ ಹಲ್ಲಿನ ಪೇಸ್ಟಿಗೂ ಸೈಕಲ್ಲಿನ ಸೊಲ್ಯೂಷನ್ನಿಗೂ ಇದೇ ಬಗೆಯ ಕೊಳವೆ ಒದಗಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಕೊಳವೆಯಲ್ಲಿ ಮೊದಲು ಮುಗಿಯುವುದು ರಬ್ಬರಲ್ಲ, ಅದನ್ನು ಕರಗಿಸಿಟ್ಟ ಎಣ್ಣೆ. ಹೊಸ ಕೊಳವೆಯ ಬಾಯಿಗೆ ತೆಳು ತಗಡಿನ ಪೊರೆಯೊಂದಿರುತ್ತದೆ. ಅದು ಒಡೆಯದಿರುವ ತನಕ ಸೊಲ್ಯೂಷನ್ ವರ್ಷಗಟ್ಟಲೆ ಬಾಳುತ್ತದೆ. ಒಮ್ಮೆ ಚುಚ್ಚಿದ ಮೇಲೆ ಮುಚ್ಚಳದ ತಿರುಪಿನ ಸಂದಿನಿಂದಲೂ ಆವಿ ನುಸುಳುತ್ತದೆ; ಆಗ ಅದರ ಬಾಳು ತಿಂಗಳುಗಳ ಲೆಕ್ಕ. ಬೇಸಗೆಯಲ್ಲಿ ಇನ್ನೂ ಕಡಮೆ. ಅದೇ ಎಣ್ಣೆ ಟ್ಯೂಬಿನ ಮೇಲೆ ಮಾತ್ರ ಪೂರಾ ಹಾರಿಹೋಗಬೇಕು. ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ನನ್ನು ತೆಳ್ಳಗೆ ಸವರಿ, ಹಸಿ ಹೊಳಪು ಅಡಗುವ ತನಕ ಕಾಯದೆ ತೇಪೆಯಿಟ್ಟರೆ, ಎಣ್ಣೆ ಕೆಳಗೇ ಸಿಕ್ಕಿಕೊಂಡು ತೇಪೆ ಏಳುತ್ತದೆ. ಬೆಂಕಿಯನ್ನು ಹತ್ತಿರ ತರಬಾರದು; ಆ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ದೂರ ಹೋಗುವ ಸವಾರರು ಒಂದು ದೊಡ್ಡ ಕೊಳವೆಯ ಬದಲು, ಪೊರೆ ಒಡೆಯದ ಎರಡು ಸಣ್ಣ ಕೊಳವೆಗಳನ್ನು ಒಯ್ಯುವುದು ಲೇಸು.