ಮಾಯಾನಗರಿಯ ಅಂಗಡಿಗಳು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡನ್ ಲ್ಯಾಬ್ ಸಂಸ್ಥೆಯು 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಕಲ್ಪಿತ ಲೋಕವನ್ನು ಗಣಕಯಂತ್ರಗಳೊಳಗೆ ನಿರ್ಮಿಸಿತು. ಅಲ್ಲಿಯ ನೆಲ, ಮನೆ, ಉಡುಪುಗಳೆಲ್ಲವೂ ಬರಿಯ ಚಿತ್ರಗಳು. ಆದರೂ ಅಲ್ಲಿ ಚಲಾವಣೆಯಲ್ಲಿದ್ದ ಲಿಂಡನ್ ಡಾಲರನ್ನು ನಿಜವಾದ ಡಾಲರಿಗೆ ಬದಲಾಯಿಸಿಕೊಳ್ಳಬಹುದಾಗಿದ್ದಿತು. ನಿವಾಸಿಗಳು ರಚಿಸಿದ ವಸ್ತುಗಳ ಸ್ವಾಮ್ಯವೂ ಅವರದೇ ಆಗಿದ್ದಿತು.

2006ರಲ್ಲಿ, ಅಲ್ಲಿ ಭೂಮಿಯ ವ್ಯಾಪಾರದಿಂದ ಧನಾರ್ಜನೆ ಮಾಡಿದ ಮಹಿಳೆಯೊಬ್ಬಳ ಮಾಯಾರೂಪವು ವಾಣಿಜ್ಯ ಪತ್ರಿಕೆಯೊಂದರ ಮುಖಪುಟವನ್ನೇರಿತು. ವರ್ತಕರಲ್ಲಿ ತವಕ ಹೆಚ್ಚಿತು. ಆ ವರ್ಷವೇ ಅಮೆರಿಕನ್ ಅಪಾರೆಲ್ ಎಂಬ ಉಡುಪಿನ ಸಂಸ್ಥೆಯು ಅಲ್ಲಿ ಅಂಗಡಿ ತೆರೆಯಿತು. ರಾಯಿಟರ್ಸ್ ಸಂಸ್ಥೆಯು ಬಾತ್ಮೀದಾರನನ್ನು ನೇಮಿಸಿತು. 2007ರಲ್ಲಿ ಸ್ವೀಡನ್ ದೇಶದ ಭವನವೂ ತಲೆಯೆತ್ತಿತು. ಉಡುಪಿನ ಅಂಗಡಿಯಾದರೋ ಅದೇ ವರ್ಷ ಮುಚ್ಚಿತು.

ಇದಕ್ಕೆ ಕಾರಣವೇನು? ನಿವಾಸಿಗಳು ತಮಗೊಪ್ಪುವ ಉಡುಪುಗಳನ್ನು ತಾವೇ ರಚಿಸಿ ಮಾರುತ್ತಿದ್ದರು. ವರ್ತಕರು ಭೂಲೋಕದ ಅಂಗಡಿಯ ಪಡಿಯಚ್ಚನ್ನು ನಿಲ್ಲಿಸಿ ಗಿರಾಕಿಗಳನ್ನು ಕಾದರು. ಹಾರಬಲ್ಲವರ ಊರಿನಲ್ಲಿ ಏಣಿ ಮಾರಿದಂತಾಯಿತು. ಪತ್ರಿಕೆಗಳ ಕೋಲಾಹಲವನ್ನೇ ಅವರು ಜನಸಂದಣಿಯೆಂದು ಭ್ರಮಿಸಿದ್ದರು.

ಆ ಭ್ರಮೆ ಮರುಕಳಿಸಿತು. 2021ರಲ್ಲಿ ಫೇಸ್‌ಬುಕ್ ಸಂಸ್ಥೆಯು ಇಂತಹುದೇ ಲೋಕದ ಆಸೆಯಿಂದ ‘ಮೆಟಾ’ ಎಂದು ಹೆಸರು ಬದಲಿಸಿತು. ಆ ವಿಭಾಗದಲ್ಲಿ 2022ರೊಂದರಲ್ಲೇ 1,300 ಕೋಟಿ ಡಾಲರಿಗೂ ಮಿಕ್ಕಿ ನಷ್ಟವನ್ನನುಭವಿಸಿತು. ವರ್ತಕರು ತೊರೆದ ಸೆಕೆಂಡ್ ಲೈಫ್ ಮಾತ್ರ ಇಪ್ಪತ್ತು ವರ್ಷಗಳನ್ನು ದಾಟಿ ಉಳಿದಿದೆ. ಅದನ್ನು ಉಳಿಸಿದವರು ಅಲ್ಲಿ ಸ್ವಂತ ಕೈಯಿಂದ ಮನೆ ಕಟ್ಟಿಕೊಂಡ ನಿವಾಸಿಗಳು.